ಪರಾಕು

ಹೋದ ವರ್ಷ ಬಿ.ಎ. ತರಗತಿಯಲ್ಲಿ ನಡುಗನ್ನಡ ಕಾವ್ಯವೊಂದನ್ನು ಪಾಠ ಹೇಳುತ್ತಿದ್ದಾಗ 'ಪರಾಕು' ಎಂಬ ಮಾತು ಬಂದಿತು. ಅದರ ಅರ್ಥವೇನೆಂದು ಕೇಳಿದೆ. "ರಾಜ ಬರುವಾಗ ಕೂಗುವುದು ಸಾರ್, ಬಹುಪರಾಕ್!" ಎಂದು ಮೂರು ನಾಲ್ಕು ಮಂದಿ ಒಟ್ಟಿಗೆ ಹೇಳಿದರು. ಉತ್ತರ ತಪ್ಪಲ್ಲ, ಆದರೆ ಎದುರಿಗಿದ್ದ ಪದ್ಯಕ್ಕೆ ಆ ಅರ್ಥ ಹೊಂದುತ್ತಿರಲಿಲ್ಲ. ಅಲ್ಲಿ ಪರಾಕು ಎಂದರೆ ಮೈಮರೆವು, ಗಮನವಿಲ್ಲದಿರುವಿಕೆ. ಸಂಸ್ಕೃತದ 'ಪರಾಕ್' ಎಂಬುದಕ್ಕೆ ಆಚೆಗೆ ಮುಖ ತಿರುಗಿಸಿದ ಎಂದು ಅರ್ಥ. ಮುಖ ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಇರುವವನ ಸ್ಥಿತಿಯೇ ಪರಾಕು. ಅಂಥವನನ್ನು ಎಚ್ಚರಗೊಳಿಸಲು ಕೂಗುವ ಮಾತೂ ಪರಾಕೇ! ರೋಗಕ್ಕೂ ಅದೇ ಹೆಸರು, ಮದ್ದಿಗೂ ಅದೇ ಹೆಸರು.

ವಿದ್ಯಾರ್ಥಿಗಳಿಗೆ ಇಷ್ಟು ಹೇಳಿ ಪಾಠವನ್ನು ಮುಂದುವರಿಸಿದೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಅದಕ್ಕೆ ಕಾರಣ ಕಾವ್ಯವಲ್ಲ. 2023ರಲ್ಲಿ ಜಯನಗರದ ನಾಲ್ಕನೆಯ ಬ್ಲಾಕಿನ ಹತ್ತಿರ ನನ್ನ ಕೈಯಿಂದ ನಡೆದುಹೋದ ಒಂದು ತಪ್ಪು. ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ನಮ್ಮ ದಾರಿಗಳ ಚರಿತ್ರೆಯನ್ನು ಸ್ವಲ್ಪ ನೋಡುವುದು ಒಳ್ಳೆಯದು. ದಾರಿಯಲ್ಲಿ 'ಎಚ್ಚರಿಕೆ' ಎಂದು ಯಾರು ಯಾರಿಗೆ ಕೂಗುತ್ತ ಬಂದಿದ್ದಾರೆ ಎಂಬುದೇ ಒಂದು ಚರಿತ್ರೆ.

ಹಿಂದಿನ ಕಾಲದಲ್ಲಿ ದಾರಿಯಲ್ಲಿ ಬಿರುಸಾಗಿ ಹೋಗುವ ಅಧಿಕಾರವಿದ್ದವರು ಬೆರಳೆಣಿಕೆಯ ಮಂದಿ. ಅರಸನ ಸವಾರಿ, ಪಾಳೆಯಗಾರನ ಪಲ್ಲಕ್ಕಿ, ಅಧಿಕಾರಿಯ ಕುದುರೆ ಬರುವಾಗ ಮುಂದೆ ಕೂಗುವವರಿರುತ್ತಿದ್ದರು. ಆ ಕೂಗು ಎರಡು ಕೆಲಸ ಮಾಡುತ್ತಿತ್ತು. ಬರುವವರ ಹಿರಿಮೆಯನ್ನು ಸಾರುವುದು ಒಂದು. ದಾರಿಯಲ್ಲಿದ್ದವರನ್ನು ಬದಿಗೆ ಸರಿಸುವುದು ಇನ್ನೊಂದು. ಎಚ್ಚರವಾಗಿರುವ ಹೊಣೆ ಯಾರ ಪಾಲಿಗೆ ಬಂದಿತೆಂಬುದನ್ನು ಓದುಗರು ಗಮನಿಸಬೇಕು. ಅದು ಪಲ್ಲಕ್ಕಿಯಲ್ಲಿ ಒರಗಿ ಕುಳಿತವನದಲ್ಲ. ತಲೆಯ ಮೇಲೆ ಹೊರೆ ಹೊತ್ತು ನಡೆಯುತ್ತಿದ್ದವನದು. ಸರಿಯದಿದ್ದರೆ ತಪ್ಪು ಅವನದೇ.

ಇದಕ್ಕೆ ಎದುರಾದ ನ್ಯಾಯವೂ ನಮ್ಮ ದಕ್ಷಿಣ ದೇಶದಲ್ಲಿ ಇರದೆ ಹೋಗಲಿಲ್ಲ. ತಮಿಳುನಾಡಿನ ಮನುನೀತಿ ಚೋಳನ ಕಥೆ ಹಲವರಿಗೆ ಗೊತ್ತಿದ್ದೀತು. ರಾಜಕುಮಾರನ ರಥದ ಚಕ್ರಕ್ಕೆ ಸಿಕ್ಕಿ ಒಂದು ಕರು ಸಾಯುತ್ತದೆ. ತಾಯಿಹಸು ಅರಮನೆಯ ಬಾಗಿಲಿಗೆ ಬಂದು ನ್ಯಾಯದ ಗಂಟೆಯನ್ನು ಎಳೆಯುತ್ತದೆ. ಕರುವೇ ಅಡ್ಡ ಬಂದಿತೆಂಬ ಸಮಾಧಾನಕ್ಕೆ ಚೋಳನು ಕಿವಿಗೊಡುವುದಿಲ್ಲ. ಮಗನಿಗೂ ಅದೇ ರಥಚಕ್ರದ ಮರಣವನ್ನು ವಿಧಿಸುತ್ತಾನೆ. ಶಿಕ್ಷೆಯ ಕ್ರೌರ್ಯವನ್ನು ನಾವು ಇಂದು ಒಪ್ಪಲಾರೆವು. ಆದರೆ ಕಥೆಯ ತಿರುಳು ನಿಚ್ಚಳವಾಗಿದೆ: ಕರುವಿಗೆ ರಥವನ್ನು ನೋಡುವ ಹೊಣೆಯಿಲ್ಲ, ರಥಿಕನಿಗೆ ಕರುವನ್ನು ನೋಡುವ ಹೊಣೆಯುಂಟು.

ಸಾಮಾನ್ಯ ಜನರ ಗಾಡಿಗಳಿಗೆ ಈ ತೊಡಕು ಅಷ್ಟಾಗಿ ಇರಲಿಲ್ಲ. ಬೆಂಗಳೂರಿನ ಮೊದಲ ಬೀದಿಗಳನ್ನು ಎಳೆದವೇ ಎತ್ತುಗಳು ಎಂಬುದು ಐತಿಹ್ಯ. 1537ರಲ್ಲಿ ಕೆಂಪೇಗೌಡರು ಪೇಟೆಯನ್ನು ಕಟ್ಟುವಾಗ ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಕಡೆ ನೇಗಿಲು ಹೂಡಿ, ಎತ್ತುಗಳನ್ನು ನಾಲ್ಕು ದಿಕ್ಕಿಗೂ ನಡೆಸಿದರಂತೆ. ಆ ಗೆರೆಗಳೇ ಬೀದಿಗಳಾದುವಂತೆ. ಎತ್ತಿನ ಗಾಡಿಗೆ ಒಂದು ಗುಣವಿದೆ. ಅದರಲ್ಲಿ ಒಂದಲ್ಲ, ಮೂರು ಜೀವಗಳ ಎಚ್ಚರ ಕೂಡಿರುತ್ತದೆ. ನಮ್ಮ ತಂದೆಯವರು ಹುಡುಗರಾಗಿದ್ದಾಗ ಕನಕಪುರದ ರಸ್ತೆಯಲ್ಲಿ ಬೆಳಗಿನ ಜಾವ ತರಕಾರಿಯ ಗಾಡಿಗಳು ಸಾಲಾಗಿ ಮಾರುಕಟ್ಟೆಗೆ ಹೋಗುತ್ತಿದ್ದುವಂತೆ. ಅಚ್ಚಿನ ಕೆಳಗೆ ಲಾಟೀನು ತೂಗುತ್ತಿರುತ್ತಿತ್ತು. ಗಾಡಿಯವನು ಮೂಟೆಗಳ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದ. ದಾರಿಯಲ್ಲಿ ಯಾರಾದರೂ ಅಡ್ಡವಿದ್ದರೆ ಎತ್ತುಗಳು ತಾವಾಗಿಯೇ ನಿಲ್ಲುತ್ತಿದ್ದುವು. ಯಜಮಾನ ಪರಾಕಿನಲ್ಲಿದ್ದರೂ ಎತ್ತು ಪರಾಕಿನಲ್ಲಿರಲಿಲ್ಲ. ಜಟಕಾದ ಕುದುರೆಗೂ ಅಷ್ಟೆ, ಬೆದರುವ ಸ್ವಭಾವವಿದ್ದರೂ ತನ್ನದೆಂಬ ಒಂದು ಕಣ್ಣು ಇತ್ತು.

ಮೋಟಾರು ಬಂದಾಗ ಮನುಷ್ಯನು ಆ ಕಣ್ಣುಗಳನ್ನು ಕಳೆದುಕೊಂಡ. ಗಾಡಿಗೆ ಬಲ ನೂರ್ಮಡಿಯಾಯಿತು. ನೋಡುವ ಜೀವ ಒಂದೇ ಉಳಿಯಿತು. ಈ ಅಪಾಯವನ್ನು ಜನ ಅರಿಯದೆ ಇರಲಿಲ್ಲ. ಇಂಗ್ಲೆಂಡಿನಲ್ಲಿ ಹಬೆಯ ಗಾಡಿಗಳು ರಸ್ತೆಗೆ ಇಳಿದಾಗ, 1865ರಲ್ಲಿ ಒಂದು ಕಾನೂನನ್ನು ಮಾಡಿದರು. ಅದರ ಪ್ರಕಾರ ಗಾಡಿಗಿಂತ 60 ಗಜ ಮುಂದೆ ಒಬ್ಬನು ಕೆಂಪು ಬಾವುಟ ಹಿಡಿದು ನಡೆಯಬೇಕು. ಗಾಡಿಯ ವೇಗ ಹಳ್ಳಿಯ ಕಡೆ ಗಂಟೆಗೆ 4 ಮೈಲಿಯನ್ನೂ ಪಟ್ಟಣದಲ್ಲಿ 2 ಮೈಲಿಯನ್ನೂ ಮೀರಕೂಡದು. ನಮ್ಮ ಪರಾಕು ಕೂಗುವವನೇ ಅಲ್ಲಿ ಕೆಂಪು ಬಾವುಟದವನಾಗಿ ಕಾಣಿಸಿಕೊಂಡ ಎನ್ನಬಹುದು. ನಗೆ ಬರುವ ಕಾನೂನೇ ಸರಿ. 1896ರಲ್ಲಿ ಈ ಕಟ್ಟುಗಳನ್ನು ಸಡಿಲಿಸಿ ಹಗುರ ಮೋಟಾರುಗಳಿಗೆ ದಾರಿ ಬಿಟ್ಟುಕೊಟ್ಟರು.

ಅದೇ 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಗೃಹಿಣಿ, ಪ್ರದರ್ಶನಕ್ಕೆಂದು ಓಡಿಸುತ್ತಿದ್ದ ಒಂದು ಮೋಟಾರಿಗೆ ಸಿಕ್ಕಿ ತೀರಿಕೊಂಡರು. ಬ್ರಿಟನ್ನಿನಲ್ಲಿ ಮೋಟಾರುಕಾರಿಗೆ ಬಲಿಯಾದ ಮೊದಲ ಪಾದಚಾರಿ ಎಂದು ಆಕೆಯ ಹೆಸರು ಉಳಿದಿದೆ. ಚಾಲಕನು ವಿಚಾರಣೆಯಲ್ಲಿ ಗಂಟೆ ಬಾರಿಸಿದ್ದಾಗಿಯೂ ಕೂಗಿದ್ದಾಗಿಯೂ ಹೇಳಿದ. ಆಕೆ ಬೆದರಿ ನಿಂತುಬಿಟ್ಟಿದ್ದರು. ಅಕಸ್ಮಾತ್ ಮರಣವೆಂದು ತೀರ್ಪಾಯಿತು. ಇಂಥದು ಮತ್ತೆಂದೂ ನಡೆಯದಿರಲಿ ಎಂದು ವಿಚಾರಣಾಧಿಕಾರಿ ಆಶಿಸಿದರು. 'ಅಕಸ್ಮಾತ್' ಎಂದರೆ ಯಾವುದರಿಂದಲೂ ಅಲ್ಲ, ಕಾರಣವಿಲ್ಲದೆ ಎಂದು. ಕಾರಣ ಎಲ್ಲರ ಕಣ್ಣೆದುರಿಗೇ ಇತ್ತು. ಆದರೂ ಕಾರಣವಿಲ್ಲವೆಂದು ಬರೆದುಕೊಂಡರು. ಇಂದಿಗೂ ನಾವು ಆ ಪದವನ್ನು ಬಿಟ್ಟಿಲ್ಲ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಮೋಟಾರಿಗಿಂತಲೂ ಹಳೆಯದು. 1860ರ ದಂಡಸಂಹಿತೆಯ 279ನೆಯ ಕಲಮು ಸಾರ್ವಜನಿಕ ದಾರಿಯಲ್ಲಿ ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ವಾಹನ ನಡೆಸುವುದನ್ನೂ ಸವಾರಿ ಮಾಡುವುದನ್ನೂ ಅಪರಾಧವೆಂದಿತು. ಅದು ಕುದುರೆ, ಗಾಡಿಗಳ ಕಾಲ. ನಿರ್ಲಕ್ಷ್ಯದಿಂದ ಸಾವು ಉಂಟುಮಾಡುವುದಕ್ಕೆ ಬೇರೆಯದೇ ಶಿಕ್ಷೆಯನ್ನು ವಿಧಿಸುವ 304-ಎ ಕಲಮು 1870ರಲ್ಲಿ ಸೇರಿತು. ಬ್ರಿಟಿಷ್ ಇಂಡಿಯಾದಲ್ಲಿ ಮೋಟಾರು ವಾಹನಗಳ ಮೊದಲ ಸಮಗ್ರ ಕಾಯಿದೆ 1914ರದು. ಆಮೇಲೆ 1939ರದು, 1988ರದು. 2017ರ ಚಾಲನಾ ನಿಯಮಗಳು ಪಾದಚಾರಿಗಳ ಅಡ್ಡಪಟ್ಟಿಯಲ್ಲಿ ನಡೆಯುವವರಿಗೇ ಮೊದಲ ಹಕ್ಕು ಎಂದುವು. 2019ರ ತಿದ್ದುಪಡಿ, ವಾಹನ ನಡೆಸುತ್ತ ಕೈಯಲ್ಲಿ ದೂರವಾಣಿ ಹಿಡಿಯುವುದನ್ನು ಅಪಾಯಕರ ಚಾಲನೆಯ ಪಟ್ಟಿಗೆ ಸೇರಿಸಿತು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನಿರ್ಲಕ್ಷ್ಯದ ಸಾವಿಗೆ ಇದ್ದ ಗರಿಷ್ಠ ಎರಡು ವರ್ಷದ ಸೆರೆ ಐದು ವರ್ಷಕ್ಕೆ ಏರಿದೆ. ಒಟ್ಟಿನಲ್ಲಿ ನೋಡಿದರೆ ನೂರಾ ಅರವತ್ತು ವರ್ಷಗಳಿಂದ ಕಾನೂನು ಒಂದೇ ಮಾತನ್ನು ಹೇಳುತ್ತ ಬಂದಿದೆ: ನೋಡುವ ಹೊಣೆ ನಡೆಸುವವನದು. ಬೀದಿಯ ರೂಢಿ ಮಾತ್ರ ಇನ್ನೂ ಪಲ್ಲಕ್ಕಿಯ ಕಾಲದಲ್ಲಿಯೇ ನಿಂತಿದೆ. ಕೂಗುವ ಭಟನ ಬದಲು ಹಾರ್ನು ಬಂದಿದೆ, ಅಷ್ಟೆ.

ನಾನು ಇರುವುದು ಬನಶಂಕರಿಯಲ್ಲಿ. ಜಯನಗರದ ಬಡಾವಣೆ ಹುಟ್ಟಿದ್ದು 1948ರಲ್ಲಿ. ಅಲ್ಲಿಯವರೆಗೆ ಊರಿನ ದಕ್ಷಿಣದ ಅಂಚು ಎಲ್ಲಿತ್ತೆಂಬುದನ್ನು ಸೌತ್ ಎಂಡ್ ವೃತ್ತದ ಹೆಸರೇ ಹೇಳುತ್ತದೆ. ಅದರಾಚೆ ಯಡಿಯೂರು, ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂದು ಕೆರೆಗಳನ್ನು ನೆಚ್ಚಿದ ಹಳ್ಳಿಗಳು. ಇಂದು ಬಿ.ಟಿ.ಎಂ. ಬಡಾವಣೆ ಎನ್ನುವವರಲ್ಲಿ ಎಷ್ಟು ಮಂದಿಗೆ ಆ ಮೂರು ಅಕ್ಷರಗಳಲ್ಲಿ ಕೊನೆಯ ಮೂರು ಹಳ್ಳಿಗಳು ಅಡಗಿವೆಯೆಂಬ ನೆನಪಿದೆಯೋ! ನಮ್ಮ ತಂದೆಯವರು ಈ ಬೀದಿಗಳಲ್ಲಿ ಸೈಕಲ್ ತುಳಿದವರು. ದೀಪವಿಲ್ಲದೆ ಹೋದರೆ ದಂಡ, ಇಬ್ಬರು ಕುಳಿತರೆ ದಂಡ. ಪೋಲೀಸಿನವನು ಕಂಡೊಡನೆ ಹಿಂದೆ ಕುಳಿತವನು ಕೆಳಗೆ ಹಾರಿ ಸಂಭಾವಿತನಂತೆ ನಡೆಯತೊಡಗುವನು. ಬಸ್ಸಿಗೆ ಬಿ.ಟಿ.ಎಸ್.; 'ಬಿಟ್ಟರೆ ತಿರುಗಿ ಸಿಗದು' ಎಂದು ಜನ ಅದನ್ನು ಬಿಡಿಸಿ ಹೇಳುತ್ತಿದ್ದರು. 1996ರಿಂದ 2002ರವರೆಗೆ ಹೊರವರ್ತುಲ ರಸ್ತೆ ಹಂತಹಂತವಾಗಿ ತೆರೆದು ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ.ಗಳನ್ನು ಒಂದೇ ದಾರದಲ್ಲಿ ಪೋಣಿಸಿತು. ಈಗ ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಅಂದರೆ ಒಂದು ಕೋಟಿ ಪಲ್ಲಕ್ಕಿಗಳು, ಒಂದು ಕೋಟಿ ಪರಾಕು ಕೂಗುವ ಯಂತ್ರಗಳು.

ಇನ್ನು ನನ್ನ ತಪ್ಪಿನ ವಿಷಯ. 2023ರ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ. ಕಾಲೇಜಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದೆ. ನಾಲ್ಕನೆಯ ಬ್ಲಾಕಿನ ಸುತ್ತ ಬಾಳೆಕಂಬ, ತಾವರೆ, ಸೇವಂತಿಗೆಯ ರಾಶಿಗಳು. ಪಾದಚಾರಿಯ ಹಾದಿಯೆಲ್ಲ ವ್ಯಾಪಾರವಾಗಿ, ನಡೆಯುವವರು ರಸ್ತೆಗೆ ಇಳಿದಿದ್ದರು. ಹಿಡಿಯ ಬಳಿ ಸಿಕ್ಕಿಸಿದ್ದ ಫೋನು ಮಿನುಗಿತು. ಮನೆಯಿಂದ ಬಂದ ಸಂದೇಶ: ಹೂವು ಮರೆಯಬೇಡಿ. ಅದನ್ನು ಓದುವ ಮುಂಚೆ ಒಬ್ಬ ಮುದುಕಿ ಬುಟ್ಟಿ ಹೊತ್ತು ರಸ್ತೆಗೆ ಇಳಿದುದನ್ನು ಕಂಡಿದ್ದೆ; ಹಾರ್ನನ್ನೂ ಹೊಡೆದಿದ್ದೆ. ಹೊಡೆದಾಯಿತು, ಇನ್ನು ಸರಿಯುವುದು ಆಕೆಯ ಕೆಲಸ ಎಂದುಕೊಂಡು ಕಣ್ಣನ್ನು ಫೋನಿಗೆ ಕೊಟ್ಟೆ. ತಲೆ ಎತ್ತುವಾಗ ಆಕೆ ಅಲ್ಲಿಯೇ ಇದ್ದಳು. ಬ್ರೇಕು ಹಿಡಿದೆ. ಹಿಡಿಯ ತುದಿ ಆಕೆಯ ತೋಳಿಗೆ ತಗಲಿತು. ಮೊಳ ಹಾಕಬೇಕಾಗಿದ್ದ ಮಲ್ಲಿಗೆ ರಸ್ತೆಯ ಪಾಲಾಯಿತು. ಬೀಳುವಾಗ ಊರಿದ ಕೈಯ ಮಣಿಕಟ್ಟು ಮುರಿಯಿತು.

ಜನ ಸೇರಿದರು. ನನ್ನ ಬಾಯಿಂದ ಮೊದಲು ಬಂದ ಮಾತನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. "ಹಾರ್ನ್ ಹೊಡೆದೆನಲ್ಲಮ್ಮ!" ಎಂದೆ. ಲಂಡನ್ನಿನ ಆ ಚಾಲಕನು ಹೇಳಿದ್ದೂ ಅದನ್ನೇ ಅಲ್ಲವೆ? ಆಕೆ ನೋವಿನಲ್ಲಿಯೂ ನನ್ನ ಮುಖವನ್ನು ನೋಡಿ, "ನಂಗೆ ಈ ಕಿವಿ ಕೇಳಾಕಿಲ್ಲ ಸಾಮಿ. ನಿಮ್ಗೆ ಕಣ್ ಕಾಣ್ತದಲ್ವಾ?" ಎಂದಳು. ಬೈಗುಳಲ್ಲ, ನಿಜವಾಗಿ ಕೇಳಿದ ಪ್ರಶ್ನೆ. ಇಪ್ಪತ್ತು ವರ್ಷಗಳಿಂದ ಮಾತನ್ನೇ ನೆಚ್ಚಿ ಬದುಕುತ್ತಿರುವ ನನಗೆ ಉತ್ತರ ತೋಚಲಿಲ್ಲ.

ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದೆ. ಗಾಯಗೊಂಡವರನ್ನು ವೈದ್ಯರ ಬಳಿಗೆ ಒಯ್ಯುವುದೂ ಠಾಣೆಗೆ ತಿಳಿಸುವುದೂ ಕಾನೂನು ಚಾಲಕನಿಗೆ ವಿಧಿಸಿರುವ ಕರ್ತವ್ಯ, ಅದನ್ನೂ ಮಾಡಿದೆ. ಆರು ವಾರ ಆಕೆ ಕೈಗೆ ಕಟ್ಟು ಹಾಕಿಕೊಂಡಿದ್ದಳು. ಹೂ ಕಟ್ಟುವವಳಿಗೆ ಕೈಯೇ ಅಂಗಡಿ. ಶ್ರಾವಣ, ಗೌರಿ, ಗಣೇಶ ಎಂದು ವರ್ಷದ ಸಂಪಾದನೆಯ ಕಾಲವೆಲ್ಲ ಅದರಲ್ಲಿ ಹೋಯಿತು. ನಾನು ಕೊಟ್ಟ ಹಣ ಆ ನಷ್ಟವನ್ನು ತುಂಬಿರಬಹುದು. ಆದರೆ ಹಬ್ಬದ ದಿನ ಆಕೆ ಗೋಡೆಗೆ ಒರಗಿ ಕುಳಿತಿದ್ದ ನೋಟವನ್ನು ತುಂಬಲಾರದು.

ಅಂದು ನನ್ನ ವೇಗ ಗಂಟೆಗೆ 25 ಕಿಲೋಮೀಟರಿನ ಆಸುಪಾಸು ಇದ್ದೀತು. ಆಕೆ ಉಳಿದದ್ದು ಅದರಿಂದ. ಅದೇ 50 ಆಗಿದ್ದರೆ? ವೇಗ ಎರಡರಷ್ಟಾದರೆ ಪೆಟ್ಟಿನ ಶಕ್ತಿ ನಾಲ್ಕರಷ್ಟಾಗುತ್ತದೆ, ನಿಲ್ಲಿಸಲು ಬ್ರೇಕು ಎಳೆಯುವ ದೂರವೂ ನಾಲ್ಕರಷ್ಟಾಗುತ್ತದೆ. ಇದು ಹೈಸ್ಕೂಲಿನ ಪಾಠ. ರಸ್ತೆಯಲ್ಲಿ ನೆನಪಿಗೆ ಬರುವುದಿಲ್ಲ. ಅದಕ್ಕಾಗಿ ನಮ್ಮ ಬಡಾವಣೆಯ ಅಳತೆಯಲ್ಲಿಯೇ ಲೆಕ್ಕ ಹಾಕಿಕೊಂಡೆ. ನಮ್ಮ ಕಡೆ 30-40ರ ಸೈಟುಗಳೇ ಹೆಚ್ಚು. ಬೀದಿಗೆ ಮುಖವಾದ ಅಗಲ 30 ಅಡಿ. ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 36 ಅಡಿ ಓಡುತ್ತದೆ. ಎರಡು ಸೆಕೆಂಡು ಫೋನನ್ನು ನೋಡಿದರೆ, ಎರಡು ಮನೆಗಳನ್ನು ಅವುಗಳ ಗೇಟುಗಳ ಸಮೇತ ಕಣ್ಣುಮುಚ್ಚಿ ದಾಟಿದಂತೆ. ಆ ಗೇಟುಗಳಿಂದ ಚೆಂಡು ಉರುಳಿ ಬರಬಹುದು. ಚೆಂಡಿನ ಹಿಂದೆ ಮಗು ಬಂದೇ ಬರುತ್ತದೆ.

ಹಳಬರಿಗೆ ಇದು ಗೊತ್ತಿತ್ತು. ಮಹಾಭಾರತದ ನಳೋಪಾಖ್ಯಾನದಲ್ಲಿ, ನಮ್ಮ ಕನಕದಾಸರೂ ನಳಚರಿತ್ರೆಯಾಗಿ ಹಾಡಿದ ಕಥೆಯಲ್ಲಿ, ನಳನು ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಸಾರಥಿಯಾಗಿರುತ್ತಾನೆ. ರಥ ಓಡುವಾಗ ರಾಜನ ಉತ್ತರೀಯ ಜಾರಿ ಬೀಳುತ್ತದೆ. ನಿಲ್ಲಿಸು, ಎತ್ತಿಕೊಳ್ಳೋಣ ಎನ್ನುವಷ್ಟರಲ್ಲಿ ಅದು ಯೋಜನ ದೂರ ಹಿಂದೆ ಉಳಿದಿದೆಯೆಂದು ಸಾರಥಿ ಹೇಳುತ್ತಾನೆ. ಬಿದ್ದದ್ದು ಉತ್ತರೀಯವಾದ್ದರಿಂದ ಕಥೆ ಮುಂದೆ ಸಾಗಿತು.

ಎಲ್ಲ ಕಥೆಗಳೂ ಹಾಗೆ ಸಾಗುವುದಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ದ್ವಿಚಕ್ರದವರು. ಐದರಲ್ಲಿ ಸುಮಾರು ಒಬ್ಬರು ಕಾಲ್ನಡಿಗೆಯವರು. ಹೊಸೂರು ರಸ್ತೆಯ ನಿಮ್ಹಾನ್ಸಿಗೆ ತಲೆಯ ಪೆಟ್ಟಿನವರೂ, ಭೈರಸಂದ್ರದ ಹತ್ತಿರವಿರುವ ಸಂಜಯ ಗಾಂಧಿ ಆಸ್ಪತ್ರೆಗೆ ಮೂಳೆ ಮುರಿದವರೂ ಬರುತ್ತಲೇ ಇರುತ್ತಾರೆ. ಎರಡೂ ಸಂಸ್ಥೆಗಳು ನಮ್ಮ ದಕ್ಷಿಣ ಬೆಂಗಳೂರಿನಲ್ಲಿಯೇ ಇವೆ. ಅವುಗಳ ಮುಂದೆ ಹಾರ್ನು ಹೊಡೆಯುತ್ತ ಹೋಗುವವರೂ ನಾವೇ. ಆಸ್ಪತ್ರೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವೆಂಬ ನಿಯಮ 2000ದಿಂದಲೂ ಇದೆ.

ಆ ಸಂಜೆಯ ತರುವಾಯ ನಾನು ಒಂದು ವ್ರತ ಹಿಡಿದೆ. ಒಂದು ವಾರ, ತೀರ ಅನಿವಾರ್ಯವಾದ ಹೊರತು, ಹಾರ್ನು ಹೊಡೆಯುವುದಿಲ್ಲ. ಮೊದಲ ದಿನವೇ ಗೊತ್ತಾದ ಸಂಗತಿ: ಹೆಬ್ಬೆರಳು ಹಾರ್ನಿಗೆ ಹೋದಾಗಲೆಲ್ಲ ನಿಜವಾಗಿ ಬೇಕಾಗಿದ್ದುದು ಬ್ರೇಕು. ಇಷ್ಟು ವರ್ಷ ನಾನು ಕೂಗಿಕೊಂಡೇ ಗಾಡಿ ನಡೆಸಿದ್ದೆ, ನೋಡಿಕೊಂಡು ನಡೆಸಿರಲಿಲ್ಲ. ಕೂಗು ಕೈಗೆ ಸಿಗದಾಗ ಕಣ್ಣು ಕೆಲಸ ಮಾಡತೊಡಗಿತು. ನಿಂತ ಬಸ್ಸಿನ ಮುಂದಿನಿಂದ ಯಾರೋ ಹೊರಬರುವರೆಂದು ಮೊದಲೇ ತೋರಿತು. ನಿಲ್ಲಿಸಿದ ಕಾರುಗಳ ಅಡಿಯಲ್ಲಿ ಕಾಲುಗಳು ಕಾಣತೊಡಗಿದುವು. ಆಟೋದವನು ತಿರುಗುವ ಮೊದಲು ಅವನ ಮುಂದಿನ ಚಕ್ರ ಎತ್ತ ವಾಲುವುದೆಂದು ತಿಳಿಯಿತು. ಅಡ್ಡರಸ್ತೆಗಳ ಮೂಲೆಯಲ್ಲಿ ನಿಧಾನ ಮಾಡುವುದು ಹೇಡಿತನವಲ್ಲ ಎನಿಸಿತು. ಫೋನು ಈಗ ಚೀಲದ ತಳದಲ್ಲಿರುತ್ತದೆ. ಕಾಲೇಜಿಗೆ ಹತ್ತು ನಿಮಿಷ ಮೊದಲೇ ಹೊರಡುತ್ತೇನೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಗೆ ಹತ್ತು ನಿಮಿಷವೇ ಸಾಕಾದ ಪರಿಹಾರ. ಮನೆಯ ಕಾರಿನಲ್ಲಿ ಹೋದಾಗ ಬಲಬಾಗಿಲನ್ನು ಎಡಗೈಯಿಂದ ತೆರೆಯುತ್ತೇನೆ. ಆಗ ಮೈ ತಾನಾಗಿ ಹಿಂದಕ್ಕೆ ತಿರುಗಿ, ಬರುವ ಸೈಕಲ್ಲಿನವನು ಕಾಣುತ್ತಾನೆ.

ಇದನ್ನು ಕೇಳಿದ ಮಿತ್ರರೊಬ್ಬರು ನಕ್ಕು, "ನೀವೊಬ್ಬರು ನೋಡಿಕೊಂಡು ಹೋದರೆ ಊರು ಸರಿಹೋದೀತೆ? ಹೊಂಡ ಯಾರು ಮುಚ್ಚಬೇಕು, ಫುಟ್‌ಪಾತು ಯಾರು ಬಿಡಿಸಬೇಕು?" ಎಂದರು. ಒಪ್ಪತಕ್ಕ ಮಾತೇ. 1997ರಲ್ಲಿ ಸ್ವೀಡನ್ ದೇಶವು, ಮನುಷ್ಯ ತಪ್ಪುವುದು ಸಹಜ, ಆ ತಪ್ಪಿಗೆ ಪ್ರಾಣ ಹೋಗದಂತೆ ದಾರಿಯನ್ನು ಕಟ್ಟಬೇಕು ಎಂಬುದನ್ನು ರಾಷ್ಟ್ರೀಯ ನೀತಿಯಾಗಿ ಅಂಗೀಕರಿಸಿತು. ಪಾದಚಾರಿಗಳೂ ವಾಹನಗಳೂ ಬೆರೆಯುವ ಕಡೆ ವೇಗ ಗಂಟೆಗೆ 30 ಕಿಲೋಮೀಟರಿಗೆ ಮೀರಕೂಡದೆಂದು 2020ರಲ್ಲಿ ಸ್ಟಾಕ್‌ಹೋಮಿನ ಜಾಗತಿಕ ಸಮ್ಮೇಳನ ಸಾರಿತು. ಅಂಥ ರಸ್ತೆಗಳನ್ನು ನಾವು ಕೇಳಬೇಕು, ಜಗಳವಾಡಿಯಾದರೂ ಪಡೆಯಬೇಕು. ಆದರೆ ಅಂದು ಹೂವಿನವಳಿಗೂ ನನಗೂ ನಡುವೆ ಹೊಂಡವಿರಲಿಲ್ಲ. ಇದ್ದುದು ನನ್ನ ಎರಡು ಸೆಕೆಂಡಿನ ಪರಾಕು ಮಾತ್ರ.

ನಾನು ಪೂರ್ತಿ ತಿದ್ದಿಕೊಂಡವನೆಂದು ಹೇಳಲಾರೆ. ಬನಶಂಕರಿ ಬಸ್ ನಿಲ್ದಾಣದ ಮುಂದೆ ಈಗಲೂ ತಾಳ್ಮೆ ತಪ್ಪುತ್ತದೆ; ಹೆಬ್ಬೆರಳು ಈಗಲೂ ಚಡಪಡಿಸುತ್ತದೆ. ಆಗ ಆ ಹಳೆಯ ಮಾತನ್ನು ಮೆಲ್ಲಗೆ, ದಾರಿಯಲ್ಲಿರುವವರಿಗಲ್ಲ, ನನಗೇ ಹೇಳಿಕೊಳ್ಳುತ್ತೇನೆ.

ಈಚೆಗೆ ಒಂದು ಸಂಜೆ ಅದೇ ಜಾಗದಲ್ಲಿ ಆಕೆ ಎದುರಾದಳು. ಕೈ ಕೂಡಿದೆ, ಭಾರ ಎತ್ತಲು ಆಗುವುದಿಲ್ಲವೆಂದು ಬುಟ್ಟಿಯನ್ನು ಸೊಂಟಕ್ಕೆ ಒತ್ತಿ ಹಿಡಿದಿದ್ದಳು. ರಸ್ತೆ ದಾಟಲು ಒಂದು ಹೆಜ್ಜೆ ಇಟ್ಟು, ಹಿಂದೆಗೆದು, ನಿಂತಿದ್ದಳು. ನಾನು ಸ್ಕೂಟರನ್ನು ನಿಲ್ಲಿಸಿ, ದಾಟಮ್ಮ ಎಂದು ಕೈ ತೋರಿಸಿದೆ. ಶಿರಸ್ತ್ರಾಣದೊಳಗಿನ ನನ್ನ ಗುರುತು ಆಕೆಗೆ ಹತ್ತಿರಲಾರದು. ನನ್ನ ಹಿಂದೆ ನಾಲ್ಕೈದು ಗಾಡಿಗಳು ನಿಂತು, ಎಲ್ಲವೂ ಒಟ್ಟಿಗೆ ಕೂಗತೊಡಗಿದುವು. ಆಕೆಗೆ ಅದು ಕೇಳಿಸಲಿಲ್ಲ. ನನಗೆ ಕೇಳಿಸಿತು. ಆಕೆ ಆ ಬದಿಯ ಕಲ್ಲನ್ನು ಮುಟ್ಟುವವರೆಗೆ ನಾನು ಕದಲಲಿಲ್ಲ.